ಹೊಣೆ ಬರೆಯದ ಯಂತ್ರಗಳು

1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟನ್ ಮಹಾ ದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿ ಇನ್ನು ಮುಂದೆ ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ದಿನಗಳಲ್ಲಿ ಬಳ್ಳಾರಿ ಜಿಲ್ಲೆಯ ಪಡುವಣ ತಾಲ್ಲೂಕುಗಳಾದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳಲ್ಲಿ ಜನ ಊರು ಬಿಟ್ಟು ಪರಿಹಾರ ಕಾಮಗಾರಿಗಳ ಕಡೆಗೆ ನಡೆಯುತ್ತಿದ್ದರು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನ ಊರು. ಹಗರಿಬೊಮ್ಮನಹಳ್ಳಿ ಇನ್ನೂ ತಾಲ್ಲೂಕಾಗಿರಲಿಲ್ಲ. ಮುಂಗಾರು ಕೈಕೊಟ್ಟಿತ್ತು, ಹಿಂಗಾರೂ ಬಂದಿರಲಿಲ್ಲ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಚಾಚಿದ ಆ ಕ್ಷಾಮವನ್ನು ಹಿಂದಿನವರು ಧಾತು ಬರ ಎಂದೇ ನೆನೆಯುತ್ತಿದ್ದರು.

ಆ ಬರದಲ್ಲಿ ಯಾರೂ ಸಾಯುವಂತಿಲ್ಲ ಎಂಬ ನಂಬಿಕೆ ಸರ್ಕಾರಕ್ಕಿತ್ತು. ಏಕೆಂದರೆ ರೈಲು ಬಂದಿತ್ತು, ತಂತಿ ಬಂದಿತ್ತು. ಮದ್ರಾಸ್ ರೈಲ್ವೆ 1871ರ ಹೊತ್ತಿಗೆ ರಾಯಚೂರು ಮುಟ್ಟಿತ್ತು, ಗುಂತಕಲ್ಲಿನಿಂದ ಬಳ್ಳಾರಿಗೂ ಕವಲು ಹಾಕಿತ್ತು. ಬರ ಬಿದ್ದ ಕಡೆ ಬೆಲೆ ಏರುತ್ತದೆ, ಏರಿದ ಬೆಲೆಯ ಸುದ್ದಿ ತಂತಿಯಲ್ಲಿ ಹೋಗುತ್ತದೆ, ಸುದ್ದಿ ಹಿಡಿದ ವರ್ತಕ ರೈಲಿನಲ್ಲಿ ಧಾನ್ಯ ತರುತ್ತಾನೆ, ಬೆಲೆ ತಾನಾಗಿ ಇಳಿಯುತ್ತದೆ: ಇದು ಆ ಕಾಲದ ವಿದ್ಯಾವಂತರ ಲೆಕ್ಕ. ಹಾಗಾಗಿ ಸರ್ಕಾರ ವ್ಯಾಪಾರದಲ್ಲಿ ಕೈ ಹಾಕಬಾರದು ಎಂದು ಲಿಟನ್ ಪಟ್ಟು ಹಿಡಿದ. ಮದ್ರಾಸ್ ಸರ್ಕಾರ ಗುಟ್ಟಾಗಿ ಒಂದಷ್ಟು ಧಾನ್ಯ ಕೊಂಡಿಟ್ಟಿದ್ದಕ್ಕೆ ಅವನಿಂದ ಛೀಮಾರಿ ಬಿತ್ತು.

ರೈಲು ಓಡಿತು, ತಂತಿಯೂ ಕೆಲಸ ಮಾಡಿತು. ಆದರೆ ರೈಲು ಧಾನ್ಯವನ್ನು ಹಸಿದವರಿದ್ದ ಕಡೆಗೆ ಒಯ್ಯಲಿಲ್ಲ, ದುಡ್ಡಿದ್ದ ಕಡೆಗೆ ಒಯ್ಯಿತು. ಒಳನಾಡಿನ ಹಗೇವುಗಳಲ್ಲಿ ಉಳಿದಿದ್ದ ಜೋಳವೂ ನಿಲ್ದಾಣಗಳಿದ್ದ ಪೇಟೆಯ ಗೋದಾಮುಗಳಿಗೆ ಹೋಗಿ ಕೂತಿತು. ಒಂದು ಪೇಟೆಯಲ್ಲಿ ಬೆಲೆ ಏರಿದ್ದು ತಂತಿಯ ದೆಸೆಯಿಂದ ಎಲ್ಲ ಪೇಟೆಗಳಲ್ಲೂ ಒಟ್ಟಿಗೇ ಏರಿತು. ಬಳ್ಳಾರಿ ನಿಲ್ದಾಣಕ್ಕೆ ಮೂಟೆ ಬಂದರೂ ಹರಪನಹಳ್ಳಿ ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ. ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಗಾಡಿ ಎಳೆಯುವವರು ಯಾರು?

ಕಾಮಗಾರಿಗೆ ಹೋದವರಿಗೂ ಇನ್ನೊಂದು ಲೆಕ್ಕ ಕಾದಿತ್ತು. ಲಿಟನ್ ಕಳಿಸಿದ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್, ದಿನಕ್ಕೆ ಒಂದು ಪೌಂಡ್ ಧಾನ್ಯಕ್ಕೆ ಸಾಲುವಷ್ಟು ಕೂಲಿ ಸಾಕು ಎಂದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಅಷ್ಟು ತಿಂದು ಇಡೀ ದಿನ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದರಿಂದ ಜನ ಉಳಿಯುವುದಿಲ್ಲ ಎಂದು ಬರೆದು ಬರೆದು ವಾದಿಸಿದ. ಕೂಲಿ ಏರಿದ್ದು ತಿಂಗಳುಗಳ ಮೇಲೆ. ಮದ್ರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಇದನ್ನೆಲ್ಲ ದಾಖಲಿಸಿದ್ದಾನೆ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಸೀಮೆಯ ಜನ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿದ್ದರು.

ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದು ರೈಲನ್ನು ಹಳಿಯಲು ಅಲ್ಲ. 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗ ಎರಡು ಮಾತು ಹೇಳಿತು. ಒಂದು, ಇನ್ನಷ್ಟು ರೈಲು ಹಾಕಬೇಕು. ಅದರಂತೆ ಸದರ್ನ್ ಮರಾಠಾ ರೈಲ್ವೆ ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಕೂಡಿಸಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕೊಟ್ಟೂರಿಗೂ ಮೀಟರ್ ಗೇಜ್ ಹಳಿ ಬಂತು. ಎರಡನೆಯ ಮಾತಿನ ಕಡೆ ಚರಿತ್ರೆ ಓದುವವರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಬರ ಬಿದ್ದಾಗ ಯಾವ ಅಧಿಕಾರಿ ಏನು ಮಾಡಬೇಕು, ಯಾವಾಗ ಕಾಮಗಾರಿ ತೆರೆಯಬೇಕು, ಎಷ್ಟು ಕೂಲಿ ಕೊಡಬೇಕು, ದುಡಿಯಲಾರದವರಿಗೆ ಏನು ಎಂದು ಬರೆದಿಡಬೇಕು ಎಂದಿತು ಆಯೋಗ. ಹೀಗೆ ಹುಟ್ಟಿದ್ದು ಕ್ಷಾಮ ಸಂಹಿತೆ. ಆಮೇಲೂ ಬರಗಳು ಬಂದವು, ಜನ ಸತ್ತರು. ಆದರೆ ರೈಲು ಈ ಸೀಮೆಗೆ ನಿಜವಾಗಿ ಆಸರೆಯಾಗತೊಡಗಿದ್ದು ಅದರ ಜೊತೆ ಒಬ್ಬರ ಹೆಸರಿಗೆ ಹೊಣೆ ಬರೆದ ಮೇಲೆ.

ಇವತ್ತು ಕೃತಕ ಬುದ್ಧಿಮತ್ತೆಯ ಬಗ್ಗೆ ಬೆಂಗಳೂರಿನಲ್ಲಿ ನಡೆಯುವ ಸಮಾವೇಶಗಳ ಮಾತು ಕೇಳುವಾಗ ನನಗೆ ಈ ಎರಡನೆಯ ಮಾತೇ ಕಣ್ಣ ಮುಂದೆ ಬರುತ್ತದೆ. ಯಂತ್ರ ಮಳೆ ಹೇಳುತ್ತದೆ, ಬೆಲೆ ಹೇಳುತ್ತದೆ, ರೋಗ ಹೇಳುತ್ತದೆ ಎನ್ನುತ್ತಾರೆ. ಹೇಳಿದ್ದು ತಪ್ಪಿದರೆ ಯಾರನ್ನು ಹಿಡಿಯಬೇಕು ಎಂದು ಯಾವ ಕಾಗದದಲ್ಲೂ ಬರೆದಿಲ್ಲ. ಈ ಹೆಸರಿನ ಸುತ್ತ ಭರವಸೆ ಉಕ್ಕಿ ಇಳಿದದ್ದು ಇದೇ ಮೊದಲಲ್ಲ. 1956ರಲ್ಲಿ ಅಮೆರಿಕದ ಡಾರ್ಟ್‌ಮತ್‌ನಲ್ಲಿ ಈ ವಿದ್ಯೆಗೆ ಹೆಸರಿಟ್ಟವರು ಬೇಗನೇ ದೊಡ್ಡ ಫಲ ಸಿಗುತ್ತದೆಂದು ನಂಬಿದ್ದರು. 1982ರಲ್ಲಿ ಜಪಾನ್ ಐದನೇ ತಲೆಮಾರಿನ ಕಂಪ್ಯೂಟರ್ ಎಂದು ಹೊರಟು ಹತ್ತು ವರ್ಷ ಕಳೆದರೂ ಅಂದುಕೊಂಡ ಕಡೆ ಮುಟ್ಟಲಿಲ್ಲ. ಆ ಏಟುಗಳು ನಮ್ಮ ಹೊಲದ ತನಕ ಬಂದಿರಲಿಲ್ಲ. ಈ ಸಲದ್ದು ಬಂದಿದೆ.

ಅದಕ್ಕೂ ಮೊದಲು ಇಲ್ಲಿಗೆ ಬಂದದ್ದು ಬರಿಯ ಕಂಪ್ಯೂಟರು. ಶಾನುಭೋಗಿಕೆ ಹೋಗಿ ಗ್ರಾಮಲೆಕ್ಕಿಗರು ಬಂದ ಮೇಲೂ ಪಹಣಿ ಕೈಬರಹದಲ್ಲೇ ಇತ್ತು. ರಾಜ್ಯದ ಸುಮಾರು ಒಂಬತ್ತು ಸಾವಿರ ಲೆಕ್ಕಿಗರ ಕೈಯಲ್ಲಿ 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು. ಲೆಕ್ಕಿಗ ಸಿಕ್ಕರೆ ಪಹಣಿ ಸಿಕ್ಕಿತು, ಅವನು ಒಲಿದರೆ ಖಾತೆ ಬದಲಾಯಿತು. 2000ದಿಂದ ಎರಡೇ ವರ್ಷದಲ್ಲಿ, ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ‘ಭೂಮಿ’ ಯೋಜನೆ 177 ತಾಲ್ಲೂಕುಗಳ ಪಹಣಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿತು. ಕೈಬರಹದ ಪಹಣಿ ಇನ್ನು ನಡೆಯದು ಎಂದು ಸಾರಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಪಹಣಿ ಪಡೆದವರಲ್ಲಿ ಶೇ. 66ರಷ್ಟು ಮಂದಿ ಲಂಚ ಕೊಟ್ಟಿದ್ದೆವು ಎಂದಿದ್ದರು. ಭೂಮಿ ಕೇಂದ್ರದಲ್ಲಿ ಪಡೆದವರಲ್ಲಿ ಹಾಗೆ ಹೇಳಿದವರು ಶೇ. 3. ಇದು ಸಣ್ಣ ಸಾಧನೆಯಲ್ಲ. ಬೀಜ ಗೊಬ್ಬರದ ಸಾಲಕ್ಕೆ ಪಹಣಿಗಾಗಿ ವಾರಗಟ್ಟಲೆ ಅಲೆದವರಿಗೆ ಇದರ ಬೆಲೆ ಗೊತ್ತು.

ಆದರೆ ಪಹಣಿ ಪಡೆಯುವುದು ಬೇರೆ, ಪಹಣಿ ಸರಿಯಾಗಿರುವುದು ಬೇರೆ. ಕಾಗದವನ್ನು ಕೈಯಲ್ಲಿ ಹಿಡಿದು ನೋಡಿ. ಒಂಬತ್ತನೇ ಕಲಂನಲ್ಲಿ ಖಾತೆದಾರನ ಹೆಸರು, ಹನ್ನೊಂದನೇ ಕಲಂನಲ್ಲಿ ಇತರೆ ಹಕ್ಕು ಮತ್ತು ಋಣ, ಹನ್ನೆರಡನೇ ಕಲಂನಲ್ಲಿ ಸಾಗುವಳಿದಾರ ಮತ್ತು ಬೆಳೆ. ಒಂಬತ್ತರಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ಮೊಮ್ಮಗನಿಗೆ ಸಾಲವಿಲ್ಲ. ಹನ್ನೊಂದರಲ್ಲಿ ತೀರಿಸಿದ ಸಾಲದ ಬೋಜಾ ಹಾಗೇ ನಿಂತಿದ್ದರೆ ಹೊಲ ಮಾರಲು ಬರದು. ಹನ್ನೆರಡರಲ್ಲಿ ಶೇಂಗಾ ಬದಲು ಮೆಕ್ಕೆಜೋಳ ಎಂದಿದ್ದರೆ ಬೆಳೆಹಾನಿಯ ಪರಿಹಾರವಿಲ್ಲ. ಲೆಕ್ಕಿಗನ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರಿಗೂ ಹೋಯಿತು. ಮೊದಲು ಊರಲ್ಲೇ ಇದ್ದವನ ಹತ್ತಿರ ಜಗಳವಾಡಬಹುದಿತ್ತು. ಈಗ ತಿದ್ದುಪಡಿಗೆ ಅರ್ಜಿ ಕೊಟ್ಟು ತಹಶೀಲ್ದಾರರ ಆದೇಶಕ್ಕೆ ಕಾಯಬೇಕು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಭೂಮಿಯ ಬಗ್ಗೆ ಬರೆದ ಅಧ್ಯಯನ ಇದನ್ನೇ ಇನ್ನೂ ಕಟುವಾಗಿ ಹೇಳಿತು. ದಾಖಲೆ ಒಂದೆಡೆ ಸೇರಿದ್ದರಿಂದ ಅನುಕೂಲವಾದದ್ದು ಬೆಂಗಳೂರು ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹಿಡಿಯುವವರಿಗೆ ಎಂಬುದು ಅವರ ವಾದ. ಆ ವಾದ ನಮ್ಮ ಒಣಭೂಮಿಗೆ ಪೂರ್ತಿ ಒಪ್ಪುವುದಿಲ್ಲ. ಆದರೂ ಕೇಳಿದ ಪ್ರಶ್ನೆ ಸರಿಯಾದದ್ದು: ಲಂಚ ಹೋಯಿತೇ ಅಥವಾ ಜಾಗ ಬದಲಾಯಿಸಿತೇ?

ಭೂಮಿಗೂ ಹೊಣೆಯ ಕಾಗದ ತಡವಾಗಿಯೇ ಬಂತು. 2011ರ ಸಕಾಲ ಕಾಯ್ದೆ, ಯಾವ ಸೇವೆ ಎಷ್ಟು ದಿನದಲ್ಲಿ ಆಗಬೇಕು ಎಂದು ಬರೆಯಿತು; ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಕೊಡಬೇಕು ಎಂದಿತು. ಮೊತ್ತ ಅಲ್ಪವೇ. ಆದರೆ ಯಂತ್ರದ ಹಿಂದೆ ಒಬ್ಬ ಮನುಷ್ಯನ ಹೆಸರು ಬಂತು.

ಭೂಮಿ ಬಂದ ಕಾಲದಲ್ಲೇ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರ್ ಹಳ್ಳಿಯ ಬಡವರ ಕೈಗೆ ಬರುತ್ತದೆ ಎಂದು ಲೋಕವೇ ಮಾತಾಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಪ್ರಾಮಾಣಿಕವಾಗಿ ಕಟ್ಟಿದ ಸಾಧನ ಅದು. 2004ರಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರದ ಆಸುಪಾಸು. ಕೆಲವೇ ಸಾವಿರ ಮಾರಾಟವಾಗಿ ನಿಂತಿತು. ಹಳ್ಳಿಗೆ ಬಂದದ್ದು ಯಾರೂ ಬಡವರ ಹೆಸರು ಹೇಳದೆ ಮಾರಿದ ಅಗ್ಗದ ಮೊಬೈಲು.

ಇನ್ನು ಆಕಾಶದ ಕತೆ. 2001ರಿಂದ ಸತತ ಬರ ಬಿದ್ದಾಗ, 2003ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ‘ವರುಣ’ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜಕ್ಕೂರಿನಿಂದ ‘ವರ್ಷಧಾರಿ’ ಹಾರಿತು. ಬೆಂಗಳೂರು, ಗದಗ, ಸುರಪುರಗಳಲ್ಲಿ ರೇಡಾರ್ ನಿಲ್ಲಿಸಿ, ಮೋಡ ಗುರುತಿಸಿ, ವಿಮಾನದಿಂದ ಸಿಲ್ವರ್ ಅಯೋಡೈಡ್ ಮತ್ತು ಉಪ್ಪಿನ ಕಣಗಳನ್ನು ಚಿಮ್ಮಿಸುವ ಕೆಲಸ. ಖರ್ಚು ಸುಮಾರು 35 ಕೋಟಿ. ಆ ಆಗಸ್ಟ್ ಕೊನೆಗೂ ಸೆಪ್ಟೆಂಬರಿನಲ್ಲೂ ರಾಜ್ಯದ ಅನೇಕ ಕಡೆ ಜೋರು ಮಳೆಯಾಯಿತು. ಮೌಲ್ಯಮಾಪನ ಸಮಿತಿ ಬಿತ್ತನೆಯಿಂದ ಮಳೆ ಶೇ. 27ಕ್ಕೂ ಹೆಚ್ಚು ಏರಿತು ಎಂದಿತು. ಬಿತ್ತದೇ ಹೋಗಿದ್ದರೆ ಎಷ್ಟು ಸುರಿಯುತ್ತಿತ್ತು ಎಂದು ತಿಳಿಯುವುದು ಹೇಗೆ? 2019ರಲ್ಲಿ ಮತ್ತೆ ವಿಮಾನ ಹಾರಿತು. ಆ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿತು. ಪ್ರವಾಹ ಬಿತ್ತನೆಯ ಫಲವಲ್ಲ ಎಂದು ಎಲ್ಲರೂ ಒಪ್ಪಿದರು. ಹಾಗಿದ್ದರೆ 2017ರ ಮಳೆ ಬಿತ್ತನೆಯ ಫಲ ಎನ್ನುವಾಗಲೂ ಅಷ್ಟೇ ಎಚ್ಚರ ಬೇಕಿತ್ತು.

ಅಂಥ ಎಚ್ಚರ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ನಮ್ಮಂತೆಯೇ ಮಳೆನೆರಳಿನ ಸೋಲಾಪುರದಲ್ಲಿ 2018 ಮತ್ತು 2019ರಲ್ಲಿ ಪ್ರಯೋಗ ಮಾಡಿತು. ಬಿತ್ತಲು ತಕ್ಕ 276 ಮೋಡಗಳನ್ನು ಆರಿಸಿ, ಯಾವುದಕ್ಕೆ ಬಿತ್ತಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿತು. ಬಿಟ್ಟ ಮೋಡಗಳ ಮಳೆಯನ್ನೂ ಅಳೆಯಿತು. ಆಮೇಲೆ ವರ್ಷಗಟ್ಟಲೆ ಲೆಕ್ಕ ಹಾಕಿ, ಸುಮಾರು ನೂರು ಚದರ ಕಿಲೋಮೀಟರ್ ಜಾಗದಲ್ಲಿ ಶೇ. 18ರಷ್ಟು ಹೆಚ್ಚಳ ಎಂದು 2023ರಲ್ಲಿ ಪ್ರಕಟಿಸಿತು. ಸಂಖ್ಯೆ ಚಿಕ್ಕದು, ಜಾಗ ಚಿಕ್ಕದು, ಆದರೆ ಅದನ್ನು ನಂಬಬಹುದು.

ಈಗ ಹೊಲಕ್ಕೆ ಬಂದ ಕೃತಕ ಬುದ್ಧಿಮತ್ತೆಗೆ ಇದೇ ಅಳತೆಗೋಲು ಹಿಡಿಯೋಣ. 2016ರ ಮುಂಗಾರಿನಲ್ಲಿ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ ಮೈಕ್ರೋಸಾಫ್ಟ್ ಮತ್ತು ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ 175 ಶೇಂಗಾ ರೈತರಿಗೆ ಮೊಬೈಲಿನಲ್ಲಿ ಬಿತ್ತನೆ ಸಂದೇಶ ಕಳಿಸಿದವು. ನಮ್ಮ ಗಡಿಯಾಚೆಯ, ನಮ್ಮಂಥದೇ ಒಣಭೂಮಿ ಅದು. ಜೂನ್ ಮೊದಲ ವಾರದಲ್ಲೇ ಬಿತ್ತುವ ರೂಢಿ ಬಿಟ್ಟು, ತಿಂಗಳ ಕೊನೆಯ ಭಾಗದವರೆಗೆ ಕಾಯಿರಿ ಎಂದಿತು ಸಂದೇಶ. ಕಾದವರಿಗೆ ಸರಾಸರಿ ಶೇ. 30 ಹೆಚ್ಚು ಇಳುವರಿ ಬಂತೆಂದು ಆ ಸಂಸ್ಥೆಗಳೇ ಪ್ರಕಟಿಸಿದವು. ಮರುವರ್ಷ ಆಂಧ್ರ, ಕರ್ನಾಟಕಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೈತರಿಗೆ ಅದು ಹಬ್ಬಿತು. ಅಂದಿನಿಂದ ಇಂದಿನವರೆಗೆ ಭಾರತದ ಬೇಸಾಯವನ್ನು ಕೃತಕ ಬುದ್ಧಿಮತ್ತೆ ಬದಲಾಯಿಸುತ್ತಿದೆ ಎನ್ನುವ ಭಾಷಣಗಳಲ್ಲೆಲ್ಲ ಈ ಶೇ. 30 ಬರುತ್ತದೆ.

ಆ ಸಂದೇಶಗಳಲ್ಲಿ ಇದ್ದದ್ದು ತಾರೀಖು ಮಾತ್ರವಲ್ಲ. ಮಣ್ಣು ಪರೀಕ್ಷೆಯಂತೆ ಗೊಬ್ಬರ ಎಷ್ಟು, ಕೊಟ್ಟಿಗೆ ಗೊಬ್ಬರ ಎಷ್ಟು, ಬೀಜೋಪಚಾರ ಹೇಗೆ, ಎಷ್ಟು ಆಳಕ್ಕೆ ಬಿತ್ತಬೇಕು ಎಂಬುದೂ ಇತ್ತು. ಇವೆಲ್ಲ ನಮ್ಮ ರೈತ ಸಂಪರ್ಕ ಕೇಂದ್ರದ ಸಹಾಯಕ ಕೃಷಿ ಅಧಿಕಾರಿ ಹೇಳುವ ಮಾತುಗಳೇ. 2009ರಿಂದ ಕರ್ನಾಟಕದಲ್ಲಿ ನಡೆದ ಭೂಚೇತನ ಯೋಜನೆಯಲ್ಲಿ, ಸತು, ಬೋರಾನ್, ಜಿಪ್ಸಂ ಕೊಟ್ಟೇ ಒಣಬೇಸಾಯದ ಇಳುವರಿ ಗಣನೀಯವಾಗಿ ಏರಿತೆಂದು ಇದೇ ಇಕ್ರಿಸ್ಯಾಟ್ ವರದಿ ಮಾಡಿತ್ತು. ಹಾಗಾದರೆ ದೇವನಕೊಂಡದ ಹೆಚ್ಚುವರಿ ಶೇಂಗಾದಲ್ಲಿ ಯಂತ್ರದ ಪಾಲೆಷ್ಟು, ಬೀಜೋಪಚಾರದ ಪಾಲೆಷ್ಟು? ಒಂದು ಮಂಡಲ, ಒಂದು ಹಂಗಾಮು, 175 ಜನ, ಅಳೆದವರು ಮಾಡಿದವರೇ. ಇದನ್ನು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಇಷ್ಟು ತೆಳುವಾದ ಸಾಕ್ಷ್ಯದ ಮೇಲೆ ಇಷ್ಟು ಎತ್ತರದ ಮಾತು ಕಟ್ಟಬಾರದು ಎನ್ನುತ್ತಿದ್ದೇನೆ.

ಅದೇ 2017ರಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗವೂ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಬೆಳೆಯ ಬೆಲೆ ಮುಂದೆ ಏನಾಗುತ್ತದೆ ಎಂದು ಮೊದಲೇ ಹೇಳುವ ಮಾದರಿ ಕಟ್ಟುವುದು ಗುರಿ. ಆಯೋಗದ ಕಾಳಜಿ ನಿಜವಾದದ್ದು. ಹಿಂದಿನ ಹಂಗಾಮಿನಲ್ಲಷ್ಟೇ ತೊಗರಿ ಬೆಳೆದವರು ಬೆಲೆ ಕುಸಿದು ಕಂಗಾಲಾಗಿದ್ದರು. ಆದರೆ ಬೆಲೆ ಎಲ್ಲಿ ಹುಟ್ಟುತ್ತದೆ? ಉಳ್ಳಾಗಡ್ಡಿಯನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು. ಡಿಸೆಂಬರ್ 8ರಂದು ರಫ್ತನ್ನೇ ನಿಲ್ಲಿಸಿತು. ಹಡಗಲಿ, ಹಗರಿಬೊಮ್ಮನಹಳ್ಳಿಯ ಹೊಲಗಳ ಮೇಲೆ ಹಾದುಹೋಗುವ ಯಾವ ಉಪಗ್ರಹಕ್ಕೂ ದೆಹಲಿಯ ಆ ಕಡತ ಕಾಣುವುದಿಲ್ಲ. 2025ರ ಕೊನೆಯಲ್ಲಿ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದರೂ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದು, ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಬೆಲೆ ಬೀಳುತ್ತದೆ ಎಂದು ಮೊದಲೇ ತಿಳಿದಿದ್ದರೂ ಹರಪನಹಳ್ಳಿಯವನು ಏನು ಮಾಡಬೇಕಿತ್ತು? ಬೆಳೆ ನಿಂತಿದೆ, ಸಾಲ ಇದೆ, ಕಣ ತುಂಬಿದೆ. ಅವನಿಗೆ ಬೇಕಿದ್ದದ್ದು ಖರೀದಿ.

ಭವಿಷ್ಯ ಕೇಳುವುದರಲ್ಲಿ ಈ ಸೀಮೆ ಯಾರಿಗೂ ಹಿಂದೆ ಬಿದ್ದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಹನ್ನೊಂದು ದಿನ ಉಪವಾಸವಿದ್ದು ಕಾರ್ಣಿಕ ಎಂಬ ಭವಿಷ್ಯವಾಣಿ ನುಡಿಯುವ ಗೊರವಪ್ಪ ಡೆಂಕಣಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲು ಏರುತ್ತಾರೆ. ತುದಿಯಲ್ಲಿ ನಿಂತು ಆಕಾಶ ನೋಡಿ ‘ಸದ್ದಲೇ’ ಎಂದೊಡನೆ ಅಷ್ಟು ದೊಡ್ಡ ಬಯಲು ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾರೆ, ಜನ ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರುವಾಗುವುದು ಚರ್ಚೆ. ಮುಂಗಾರಿಗೆ ಹೇಳಿದ್ದೋ ಹಿಂಗಾರಿಗೋ, ಎರೆ ಹೊಲದವರಿಗೋ ಮಸಾರಿಯವರಿಗೋ, ಬೆಳೆಗೋ ರಾಜಕೀಯಕ್ಕೋ ಎಂದು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಸಂತೆಯಲ್ಲಿ ತಿಂಗಳುಗಟ್ಟಲೆ ಮಾತು ನಡೆಯುತ್ತದೆ. ಕಾರ್ಣಿಕ ಕೇಳಿದ್ದರಿಂದ ಯಾರೂ ಕೂರಿಗೆ ಕಟ್ಟುವ ದಿನವನ್ನು ಕಣ್ಣುಮುಚ್ಚಿ ನಿರ್ಧರಿಸುವುದಿಲ್ಲ. ನೆಲದ ಹಸಿ ನೋಡುತ್ತಾರೆ, ಪಕ್ಕದ ಹೊಲದವರನ್ನು ಕೇಳುತ್ತಾರೆ. ನಂಬಿಕೆಗೂ ನಿರ್ಧಾರಕ್ಕೂ ನಡುವೆ ಜನರೇ ಇಟ್ಟುಕೊಂಡ ಅಂತರ ಅದು. ಮೊಬೈಲಿಗೆ ಬರುವ ಸಂದೇಶ ಒಬ್ಬೊಬ್ಬನಿಗೆ ಬೇರೆ ಬೇರೆಯಾಗಿ, ಒಂಟಿಯಾಗಿ ಬರುತ್ತದೆ. ಹೇಗೆ ಹೇಳಿತು ಎಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ.

ಯಂತ್ರದ ತಪ್ಪಿನ ಭಾರ ಈಗಲೇ ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ಬೆಳೆ ವಿಮೆಯಲ್ಲಿ ನೋಡಬಹುದು. ಈಗ ಪಹಣಿಗೆ ಬೆಳೆಯ ಹೆಸರು ಬರುವುದು ಮೊಬೈಲ್ ಬೆಳೆ ಸಮೀಕ್ಷೆಯಿಂದ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಫೋಟೊ ತೆಗೆದು ಹಾಕುವ ಆ್ಯಪ್ ಕೂಡ ಬಂತು. ವಿಮೆಗೆ ಬರೆಸಿದ ಬೆಳೆಗೂ ಸಮೀಕ್ಷೆಯಲ್ಲಿ ಬಿದ್ದ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ನಿಲ್ಲುತ್ತದೆ, ತಾನು ಏನು ಬೆಳೆದೆ ಎಂದು ಬೆಳೆದವನೇ ಸಾಬೀತು ಮಾಡಬೇಕು. 2023ರಿಂದ ಭತ್ತ, ಗೋಧಿಯ ಇಳುವರಿ ಅಂದಾಜಿನಲ್ಲಿ ಉಪಗ್ರಹ ಮತ್ತು ಮಾದರಿಗಳ ಲೆಕ್ಕಕ್ಕೆ ಶೇ. 30 ತೂಕ ಕೊಡುವ ಪದ್ಧತಿಯೂ ಬಂದಿದೆ. ವಿಮೆ ಹಣ ತಡವಾದರೆ ಕಂಪನಿ ಶೇ. 12 ಬಡ್ಡಿ ಕೊಡಬೇಕೆಂಬ ನಿಯಮ ಇದೆ. ತಡಕ್ಕೆ ಹೊಣೆ ಬರೆದಿದ್ದಾರೆ, ತಪ್ಪು ಲೆಕ್ಕಕ್ಕೂ ಬರೆಯಬೇಕು.

ಇದು ಅಸಾಧ್ಯವಾದ ಬೇಡಿಕೆಯಲ್ಲ. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಆಂಧ್ರದ ರೈತರ ವಿರುದ್ಧ ರಾಷ್ಟ್ರೀಯ ಬೀಜ ನಿಗಮ ಹೂಡಿದ್ದ ಮೇಲ್ಮನವಿಯಲ್ಲಿ, ಕಳಪೆ ಬೀಜದಿಂದ ನಷ್ಟವಾದ ರೈತ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಿ ಪರಿಹಾರ ಕೇಳಬಹುದು ಎಂದು ತೀರ್ಪು ಕೊಟ್ಟಿತು. ಕೂಡ್ಲಿಗಿಯ ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣಿತ ಶೇಂಗಾ ಬೀಜದ ಚೀಲ ಕೊಂಡರೆ ಅದರ ಬಾಯಿಗೆ ನೀಲಿ ಚೀಟಿ ಹೊಲಿದಿರುತ್ತದೆ. ತಳಿ ಯಾವುದು, ಲಾಟ್ ಸಂಖ್ಯೆ ಎಷ್ಟು, ಪರೀಕ್ಷೆ ಮಾಡಿದ್ದು ಯಾವಾಗ, ಎಂದಿನವರೆಗೆ ಬಿತ್ತಬಹುದು ಎಂದು ಅದರಲ್ಲಿದೆ. ಶೇಂಗಾ ಆದರೆ ನೂರಕ್ಕೆ ಎಪ್ಪತ್ತಾದರೂ ಮೊಳೆಯಬೇಕು. ಆ ಚೀಟಿಯನ್ನು ರೈತ ಹರಿದು ಎಸೆಯುವುದಿಲ್ಲ, ರಸೀದಿಯ ಜೊತೆ ಪೆಟ್ಟಿಗೆಯಲ್ಲಿಡುತ್ತಾನೆ. ಅದೇ ಬೀಜವನ್ನು ಯಾವ ದಿನ ಬಿತ್ತಬೇಕೆಂದು ಹೇಳುವ ಸಂದೇಶಕ್ಕೂ ಇಂಥದೊಂದು ಚೀಟಿ ಬೇಕು: ಈ ಲೆಕ್ಕವನ್ನು ಯಾವ ತಾಲ್ಲೂಕಿನಲ್ಲಿ, ಯಾವ ಮಣ್ಣಿನಲ್ಲಿ, ಎಷ್ಟು ಹಂಗಾಮು ಪರೀಕ್ಷಿಸಿದ್ದೀರಿ, ಸಂದೇಶ ಸಿಗದವರ ಹೊಲವನ್ನೂ ಅಳೆದಿರಾ, ಎಷ್ಟು ಸಲ ತಪ್ಪಿತು, ತಪ್ಪಿದ ವರ್ಷ ಯಾರಿಗೆ ಅರ್ಜಿ ಕೊಡಬೇಕು. ಕನ್ನಡದಲ್ಲಿ, ಸಂದೇಶ ಕಳಿಸುವವರ ಸಹಿಯೊಂದಿಗೆ.